ಹಳೆಯ ಸ್ಪೋರ್ಟ್ಸ್ ಕಾರೇ, ಹೊಸದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳನ್ನೂ, ಕೊಂಡ ಮೇಲೆ ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದೆ. ಉತ್ತರಗಳಲ್ಲಿ ಪಕ್ಷಪಾತವಿದೆ, ಅದನ್ನು ಮುಚ್ಚಿಡುವ ಪ್ರಯತ್ನ ಮಾಡಿಲ್ಲ.

ಹಳೆಯದು, ಹೊಸದು ಎಂದು ಗೆರೆ ಎಳೆಯುವುದು ಎಲ್ಲಿ?

ವರ್ಷ ನೋಡುವುದಕ್ಕಿಂತ ಒಳಗಿರುವ ಯಂತ್ರ ನೋಡಿ ಗೆರೆ ಎಳೆಯುವುದು ಮೇಲು. ಕಾರ್ಬುರೇಟರ್ (ಗಾಳಿಗೆ ಪೆಟ್ರೋಲು ಬೆರೆಸುವ ಯಾಂತ್ರಿಕ ಸಾಧನ) ಇದ್ದ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದ, ಮಳೆ ಕಂಡರೆ ತುಕ್ಕು ಹಿಡಿಯುವ ಕಾರುಗಳದು ಮೊದಲ ತಲೆಮಾರು. 1961ರ ಜಾಗ್ವಾರ್ ಇ-ಟೈಪ್, 1962ರ ಎಂಜಿಬಿ, 1969ರ ಡಾಟ್ಸನ್ 240ಝಡ್ ಈ ಸಾಲಿಗೆ ಸೇರುತ್ತವೆ. ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ ನೆಲೆಯೂರಿದ 1980ರ ದಶಕದ ನಡುವಿನಿಂದ ಸುಮಾರು 2010ರವರೆಗಿನವು ಎರಡನೆಯ ತಲೆಮಾರು: ಬಿಎಂಡಬ್ಲ್ಯು ಎಂ3ಯ ಮೊದಲ ನಾಲ್ಕು ಪೀಳಿಗೆಗಳು, ಹೋಂಡಾ ಎನ್‌ಎಸ್‌ಎಕ್ಸ್, ಮಾಜ್ದಾ ಎಂಎಕ್ಸ್-5, ಲೋಟಸ್ ಎಲೀಸ್. ಅಲ್ಲಿಂದೀಚೆಗೆ ವಿದ್ಯುತ್ ಮೋಟರಿನ ಸ್ಟೀರಿಂಗ್, ಟರ್ಬೊ ಎಂಜಿನ್ (ಹೊರಹೋಗುವ ಹೊಗೆಯ ಬಲದಿಂದ ಹೆಚ್ಚು ಗಾಳಿ ತುಂಬಿಕೊಳ್ಳುವಂಥದ್ದು), ತಾನೇ ಗೇರ್ ಬದಲಿಸುವ ಎರಡು ಕ್ಲಚ್‌ಗಳ ಗೇರ್‌ಬಾಕ್ಸ್ ಮತ್ತು ಡ್ಯಾಶ್‌ಬೋರ್ಡ್ ತುಂಬ ಪರದೆಗಳು ಬಂದವು. ಈ ಮೂರನೆಯದನ್ನೇ ಇಲ್ಲಿ 'ಹೊಸದು' ಎಂದು ಕರೆದಿದೆ. 'ಹಳೆಯದು' ಎಂದಾಗ ಬಹುಪಾಲು ಎರಡನೆಯ ತಲೆಮಾರು. ಮೊದಲನೆಯದರ ವ್ಯವಹಾರವೇ ಬೇರೆ, ಅದಕ್ಕೆ ಬೇಕಾದ ಮನಸ್ಸೂ ಬೇರೆ.

ಹೊಸ ಕಾರು ಎಲ್ಲ ಲೆಕ್ಕದಲ್ಲೂ ವೇಗವಾಗಿದೆ. ಆದರೂ ಹಳೆಯದರಲ್ಲೇ ಮಜಾ ಹೆಚ್ಚು ಎನ್ನುತ್ತಾರಲ್ಲ, ಇದು ಬರೀ ಹಳೆಯ ದಿನಗಳ ಹಂಬಲವೇ?

ಸ್ವಲ್ಪ ಹಂಬಲವೂ ಹೌದು. ಆದರೆ ಪೂರ್ತಿ ಅದೇ ಅಲ್ಲ, ಇದರ ಹಿಂದೆ ಸರಳವಾದ ಒಂದು ಕಾರಣವಿದೆ. ಕಾರಿನ ಮಿತಿ, ಅಂದರೆ ಟೈರಿನ ಹಿಡಿತ ಮುಗಿಯುವ ಹಂತ, ಎಷ್ಟು ವೇಗದಲ್ಲಿ ಎದುರಾಗುತ್ತದೆ ಎಂಬುದರ ಮೇಲೆ ಚಾಲಕನಿಗೆ ಸಿಗುವ ಕೆಲಸ ನಿಂತಿದೆ. 1989ರಲ್ಲಿ ಬಂದ ಎಂಎಕ್ಸ್-5 ಕಾರಿಗೆ 1.6 ಲೀಟರ್ ಎಂಜಿನ್, ಸುಮಾರು 115 ಅಶ್ವಶಕ್ತಿ, 185 ಮಿಲಿಮೀಟರ್ ಅಗಲದ ಟೈರ್. ಅದರಲ್ಲಿ ಸಾಧಾರಣ ವೇಗದ ತಿರುವಿನಲ್ಲೇ ಟೈರ್ ಮಾತನಾಡಲು ತೊಡಗುತ್ತದೆ. ಬ್ರೇಕ್ ಎಲ್ಲಿ ಬಿಡಬೇಕು, ಯಾವ ಗೇರಿನಲ್ಲಿ ಹೊರಬರಬೇಕು ಎಂದು ಲೆಕ್ಕ ಹಾಕಬೇಕಾಗುತ್ತದೆ, ಎಂಜಿನನ್ನು ಕೊನೆಯ ಆರ್‌ಪಿಎಂ ತನಕ ಹಿಂಡಿದರೂ ಚಾಲನಾ ಪರವಾನಗಿ ಕೈಯಲ್ಲೇ ಉಳಿದಿರುತ್ತದೆ.

ಐನೂರು ಅಶ್ವಶಕ್ತಿಯ ಇಂದಿನ ಕಾರು ಅದೇ ತಿರುವನ್ನು ಅದೇ ವೇಗದಲ್ಲಿ ಹಾದುಹೋಗುವಾಗ ಅದಕ್ಕೆ ತಿರುವು ಬಂದದ್ದೇ ಗೊತ್ತಾಗುವುದಿಲ್ಲ. ಅದರ ಸ್ವಾರಸ್ಯ ಶುರುವಾಗುವ ವೇಗ ಸಾರ್ವಜನಿಕ ರಸ್ತೆಯಲ್ಲಿ ಅಪರಾಧವಾಗಿರುತ್ತದೆ. ಗೇರುಗಳ ಅನುಪಾತವನ್ನೇ ನೋಡಿ. 4 ಲೀಟರ್ ಎಂಜಿನ್ನಿನ ಪೋರ್ಷೆ 718 ಕೇಮನ್ ಜಿಟಿ4 ಅದ್ಭುತ ಕಾರು, ಮ್ಯಾನುಯಲ್ ಗೇರ್ ಇದೆ, ಟರ್ಬೊ ಇಲ್ಲ. ಆದರೆ ಎರಡನೆಯ ಗೇರಿನಲ್ಲೇ ಗಂಟೆಗೆ 130 ಕಿ.ಮೀ. ದಾಟುತ್ತದೆ. ಎಂಜಿನ್ನಿನ ಪೂರ್ತಿ ಹಾಡು ಕೇಳಬೇಕೆಂದರೆ ಬಹುತೇಕ ದೇಶಗಳ ಹೆದ್ದಾರಿ ಮಿತಿಯನ್ನು ಎರಡನೆಯ ಗೇರಿನಲ್ಲೇ ಮುರಿಯಬೇಕು. ಅಷ್ಟು ಒಳ್ಳೆಯ ಗೇರ್ ಲಿವರ್ ಕೊಟ್ಟು, ಅದನ್ನು ಅಲುಗಿಸುವ ಸಂದರ್ಭವನ್ನೇ ಕಿತ್ತುಕೊಂಡಂತಾಯಿತು.

ಇಲ್ಲಿ ಮುಖ್ಯವಾದುದು ಕಾರಿನ ವಯಸ್ಸಲ್ಲ, ಹಿಡಿತ ಮತ್ತು ಶಕ್ತಿಯ ಪ್ರಮಾಣ. ಇದನ್ನು ಅರಿತ ತಯಾರಕರು ಈಗಲೂ ಇದ್ದಾರೆ. 2012ರಲ್ಲಿ ಟೊಯೊಟಾ ಜಿಟಿ86 ಮತ್ತು ಸುಬಾರು ಬಿಆರ್‌ಝಡ್ ಬಂದಾಗ ಅವಕ್ಕೆ ಹಾಕಿದ್ದು ಪ್ರಿಯಸ್ ಹೈಬ್ರಿಡ್ ಕಾರಿನಲ್ಲಿ ಕಾಣಿಸುವಂಥ ಟೈರುಗಳನ್ನು. ಹಲವರು ನಕ್ಕರು. ಆದರೆ ಅದು ಜಿಪುಣತನವಾಗಿರಲಿಲ್ಲ. ಕಾರು ಬೇಗ ಜಾರಲಿ, ಚಾಲಕನಿಗೆ ಕೆಲಸ ಸಿಗಲಿ ಎಂಬ ಲೆಕ್ಕಾಚಾರವಾಗಿತ್ತು.

ತೂಕದ ಬಗ್ಗೆ ಇಷ್ಟೊಂದು ಮಾತು ಏಕೆ? ಶಕ್ತಿ ಹೆಚ್ಚಿಸಿದರೆ ಸರಿಹೋಗುವುದಿಲ್ಲವೇ?

ನೇರ ರಸ್ತೆಯಲ್ಲಿ ಸರಿಹೋಗುತ್ತದೆ. ತಿರುವಿನಲ್ಲಿ, ಬ್ರೇಕಿನಲ್ಲಿ, ಟೈರಿನ ಖರ್ಚಿನಲ್ಲಿ ಸರಿಹೋಗುವುದಿಲ್ಲ. 1980ರ ದಶಕದ ಮೊದಲ ಎಂ3 ಸುಮಾರು 1,200 ಕಿಲೋ ತೂಗುತ್ತಿತ್ತು. ಇಂದಿನದು 1,700 ಕಿಲೋ ದಾಟಿದೆ. ಶಕ್ತಿ ಎರಡೂವರೆ ಪಟ್ಟು ಹೆಚ್ಚಾಗಿರುವುದರಿಂದ ಹೊಸದೇ ಎಷ್ಟೋ ಮುಂದೆ, ಅನುಮಾನವಿಲ್ಲ. ಆದರೆ ಹೆಚ್ಚಿದ ತೂಕವನ್ನು ಹಿಡಿದು ನಿಲ್ಲಿಸಲು ಅಗಲದ ಟೈರ್ ಬೇಕು, ದೊಡ್ಡ ಬ್ರೇಕ್ ಬೇಕು, ಗಟ್ಟಿ ಸ್ಪ್ರಿಂಗ್ ಬೇಕು, ಆ ಗಟ್ಟಿತನವನ್ನು ಮರೆಮಾಚಲು ಎಲೆಕ್ಟ್ರಾನಿಕ್ ಡ್ಯಾಂಪರ್ (ಕುಲುಕಾಟ ತಗ್ಗಿಸುವ ಭಾಗ) ಬೇಕು. ಒಂದೊಂದೂ ಮತ್ತಷ್ಟು ತೂಕ ತರುತ್ತದೆ, ಒಂದೊಂದೂ ಚಾಲಕನಿಗೂ ರಸ್ತೆಗೂ ನಡುವೆ ಒಂದು ಪದರವಾಗಿ ನಿಲ್ಲುತ್ತದೆ.

1996ರ ಲೋಟಸ್ ಎಲೀಸ್ ಅಂಟಿನಿಂದ ಜೋಡಿಸಿದ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ನಿಂತ, ಸುಮಾರು 725 ಕಿಲೋ ತೂಕದ ಕಾರು. ಅದರ 118 ಅಶ್ವಶಕ್ತಿ ಕಾಗದದ ಮೇಲೆ ಏನೂ ಅಲ್ಲ, ರಸ್ತೆಯ ಮೇಲೆ ಧಾರಾಳ. ಸ್ಟೀರಿಂಗಿಗೆ ಯಾವ ಸಹಾಯವೂ ಇಲ್ಲ, ಬೇಕಾಗಿಯೂ ಇಲ್ಲ. ಹೊಸ ಕಾರುಗಳೆಲ್ಲ ಭಾರ ಎಂದಲ್ಲ: 2015ರ ಎಂಎಕ್ಸ್-5 ಸಾವಿರ ಕಿಲೋದ ಆಸುಪಾಸಿನಲ್ಲಿದೆ, 2017ರಲ್ಲಿ ಬಂದ ಆಲ್ಪೀನ್ ಎ110 ಸುಮಾರು 1,100 ಕಿಲೋ, ಕಾರು ವಿನ್ಯಾಸಕ ಗಾರ್ಡನ್ ಮರ್ರಿ ರೂಪಿಸಿದ ಟಿ.50 ಹನ್ನೆರಡು ಸಿಲಿಂಡರಿನ ವಿ12 ಎಂಜಿನ್ ಹೊತ್ತೂ ಸಾವಿರ ಕಿಲೋದೊಳಗೇ ಇದೆ. ಕೊನೆಯದು ಕುಬೇರರಿಗೆ ಮಾತ್ರ. ಮೊದಲ ಎರಡನ್ನು ಹಳೆಯ ಕಾರಿನ ಅಭಿಮಾನಿಗಳೂ ಒಮ್ಮೆ ಓಡಿಸಬೇಕು, ಅವರ ವಾದ ಅರ್ಧ ಕರಗುತ್ತದೆ.

ಹೈಡ್ರಾಲಿಕ್ ಸ್ಟೀರಿಂಗ್ ನಿಜಕ್ಕೂ ಅಷ್ಟು ಮೇಲೇ?

ಸಾಮಾನ್ಯವಾಗಿ ಹೌದು. ದ್ರವದ ಒತ್ತಡದಿಂದ ಕೈಗೆ ನೆರವಾಗುವ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಮುಂದಿನ ಚಕ್ರದ ಹಿಡಿತ ಸಡಿಲವಾಗುವುದು ಬೆರಳಿಗೆ ಬರುತ್ತದೆ, ರಸ್ತೆಯ ಒರಟುತನ ಅಂಗೈಗೆ ತಟ್ಟುತ್ತದೆ. ವಿದ್ಯುತ್ ಮೋಟರಿನ ಮೊದಮೊದಲ ಸ್ಟೀರಿಂಗುಗಳಲ್ಲಿ ಕಂಬಳಿ ಹೊದೆಸಿದ ಕೈಯನ್ನು ಕುಲುಕಿದಂತಾಗುತ್ತಿತ್ತು. 2011ರಲ್ಲಿ ಪೋರ್ಷೆ ತನ್ನ 911ರ ಹೊಸ ಪೀಳಿಗೆಗೆ ಅದನ್ನು ಅಳವಡಿಸಿದಾಗ ಎದ್ದ ಗದ್ದಲ ಸಣ್ಣದಲ್ಲ.

ಆದರೆ ತಂತ್ರಜ್ಞಾನವನ್ನಷ್ಟೇ ದೂರುವುದು ತಪ್ಪು. ಹಳೆಯ ಕಾರಿನ ಅಭಿಮಾನಿಗಳು ತಲೆಯ ಮೇಲೆ ಹೊತ್ತು ಮೆರೆಸುವ ಹೋಂಡಾ ಎಸ್2000 ಕಾರಿಗೆ 1999ರಲ್ಲೇ ಇದ್ದದ್ದು ವಿದ್ಯುತ್ ಸ್ಟೀರಿಂಗ್. ಇತ್ತ 2013ರ ಆಲ್ಫಾ ರೋಮಿಯೊ 4ಸಿ ಕಾರಿಗೆ ಯಾವ ಸಹಾಯವೂ ಇಲ್ಲದ ಶುದ್ಧ ಯಾಂತ್ರಿಕ ಸ್ಟೀರಿಂಗ್ ಕೊಟ್ಟರೂ ಅದು ಉಬ್ಬುತಗ್ಗಿನ ರಸ್ತೆಯಲ್ಲಿ ಅತ್ತಿತ್ತ ಎಳೆದಾಡುತ್ತದೆಂಬ ದೂರು ಬಂತು. ಇತ್ತೀಚಿನ ಪೋರ್ಷೆ 911 ಜಿಟಿ3ಯಂಥ ಕಾರುಗಳಲ್ಲಿ ವಿದ್ಯುತ್ ಸ್ಟೀರಿಂಗ್ ಚೆನ್ನಾಗಿಯೇ ಇದೆ. ಟೈರು, ಬುಷ್ (ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರ್), ಚಕ್ರಗಳ ಜೋಡಣೆಯ ಕೋನ ಇವುಗಳ ಪಾಲನ್ನು ಮರೆತು ಮೋಟರಿನ ಮೇಲೆ ಎಲ್ಲ ಹೊರಿಸುವುದು ವಾಡಿಕೆಯಾಗಿಬಿಟ್ಟಿದೆ.

ಮ್ಯಾನುಯಲ್ ಗೇರ್ ಇಲ್ಲದ ಸ್ಪೋರ್ಟ್ಸ್ ಕಾರು ಕೊಳ್ಳಬಹುದೇ?

ಹೊಸದಾದರೆ ಕೊಳ್ಳಬಹುದು. ಎರಡು ಕ್ಲಚ್‌ಗಳ ಗೇರ್‌ಬಾಕ್ಸ್ ಇಂದು ಮನುಷ್ಯನ ಕೈಗಿಂತ ಎಷ್ಟೋ ಚುರುಕು, ಪೇಟೆಯ ದಟ್ಟಣೆಯಲ್ಲಿ ಎಡಗಾಲಿಗೆ ವಿಶ್ರಾಂತಿ. ಆಯ್ಕೆಯೂ ಕಡಿಮೆಯಾಗುತ್ತಿದೆ: 2009ರ ಫೆರಾರಿ 458ಕ್ಕೆ ಮ್ಯಾನುಯಲ್ ಇಲ್ಲ, 2020ರ ಕಾರ್ವೆಟ್‌ಗೂ ಇಲ್ಲ. ಆದರೂ ಬೇಡಿಕೆ ಸತ್ತಿಲ್ಲ. 2013ರಲ್ಲಿ ಪೋರ್ಷೆ 911 ಜಿಟಿ3 ಕಾರನ್ನು ಮ್ಯಾನುಯಲ್ ಇಲ್ಲದೆ ಬಿಡುಗಡೆ ಮಾಡಿದ ಕಂಪನಿ, 2016ರಲ್ಲಿ 911 ಆರ್ ಮೂಲಕ ಅದನ್ನು ಮರಳಿ ತಂದು, ಮರುವರ್ಷ ಜಿಟಿ3ಗೂ ಕೊಡಬೇಕಾಯಿತು.

ಹಳೆಯದಾದರೆ ನನ್ನ ಸಲಹೆ ಕಟುವಾಗಿದೆ: ಮ್ಯಾನುಯಲ್ ಬಿಟ್ಟು ಬೇರೆ ನೋಡಬೇಡಿ. 1990ರ ದಶಕದ ಕೊನೆಯಿಂದ ಸುಮಾರು 2010ರವರೆಗೆ ಬಂದ ಒಂದೇ ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸುಗಳು, ಅಂದರೆ ಫೆರಾರಿಯ 'ಎಫ್1' ಮತ್ತು ಬಿಎಂಡಬ್ಲ್ಯುವಿನ 'ಎಸ್‌ಎಂಜಿ' ಜಾತಿಯವು, ಆಗ ಭವಿಷ್ಯದಂತೆ ಕಂಡವು. ಈಗ ಅವು ನಿಧಾನವೂ ಹೌದು, ಜೋಲಿ ಹೊಡೆಯುವುದೂ ಹೌದು, ಹೈಡ್ರಾಲಿಕ್ ಪಂಪು ಕೆಟ್ಟರೆ ರಿಪೇರಿಯೂ ದುಬಾರಿ. ಅದೇ ಕಾರಿನ ಮ್ಯಾನುಯಲ್ ಆವೃತ್ತಿಗೆ ಮಾರುಕಟ್ಟೆ ಹೆಚ್ಚು ಬೆಲೆ ಕೊಡುತ್ತಿರುವುದು ಸುಮ್ಮನೆ ಅಲ್ಲ.

ಎಂಜಿನ್ ಸದ್ದಿನ ವಿಷಯದಲ್ಲಿ ಹಳೆಯದೇ ಗೆಲ್ಲುತ್ತದೆಯೇ?

ಗೆಲ್ಲುತ್ತದೆ, ಚರ್ಚೆಯೇ ಬೇಡ. ಟರ್ಬೊ ಹೊರಹೋಗುವ ಹೊಗೆಯ ಶಕ್ತಿಯನ್ನು ನುಂಗುವಾಗ ಸದ್ದನ್ನೂ ನುಂಗುತ್ತದೆ. ಯುರೋಪಿನ ಹೊಸ ಕಾರುಗಳಲ್ಲಿ ಪೆಟ್ರೋಲ್ ಹೊಗೆಯ ಮಸಿಕಣಗಳ ಸೋಸುಕ ಸೇರಿ ಉಳಿದದ್ದನ್ನೂ ತಗ್ಗಿಸಿದೆ. 2011ರ ಬಿಎಂಡಬ್ಲ್ಯು ಎಂ5 ಎಂಜಿನ್ ಸದ್ದನ್ನು ಸ್ಪೀಕರಿನಿಂದ ಕೇಳಿಸುವ ಮಟ್ಟಕ್ಕೆ ಹೋಯಿತು. ಎಸ್2000 ಕಾರಿನ 2 ಲೀಟರ್ ಎಂಜಿನ್ 9,000 ಆರ್‌ಪಿಎಂ ತನಕ ಏರುವುದನ್ನು, ಮೂರನೆಯ ಪೀಳಿಗೆಯ ಎಂ3, ಅಂದರೆ ಇ46 ಎಂ3 ಕಾರಿನ ಆರು ಸಿಲಿಂಡರುಗಳು 8,000ದ ಹತ್ತಿರ ಕೂಗುವುದನ್ನು ಒಮ್ಮೆ ಕೇಳಿದವರಿಗೆ ಸ್ಪೀಕರ್ ಸದ್ದು ರುಚಿಸುವುದು ಕಷ್ಟ.

ಸುರಕ್ಷತೆಯ ಅಂತರ ಎಷ್ಟು?

ದೊಡ್ಡದು. ಇದನ್ನು ಮೃದುವಾಗಿ ಹೇಳುವ ಅಗತ್ಯವಿಲ್ಲ. ಜಾರತೊಡಗಿದ ಕಾರನ್ನು ತಾನೇ ಬ್ರೇಕ್ ಹಾಕಿ ದಾರಿಗೆ ತರುವ ಸ್ಥಿರತೆ ನಿಯಂತ್ರಣ ವ್ಯವಸ್ಥೆ ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಅದಿಲ್ಲ. 2003ರಿಂದ 2006ರವರೆಗೆ ತಯಾರಾದ, 600ಕ್ಕೂ ಹೆಚ್ಚು ಅಶ್ವಶಕ್ತಿಯ ಪೋರ್ಷೆ ಕರೆರಾ ಜಿಟಿಯಲ್ಲೂ ಇಲ್ಲ. ಹಿಂಬದಿಯಲ್ಲಿ ಎಂಜಿನ್ ಇರುವ ಹಳೆಯ 911 ಟರ್ಬೊದಲ್ಲಿ ತಿರುವಿನ ನಡುವೆ ಹೆದರಿ ಆ್ಯಕ್ಸಿಲರೇಟರ್ ಬಿಟ್ಟರೆ ಬಾಲ ಮುಂದಕ್ಕೆ ಬರುತ್ತದೆ. ಅಪಘಾತವಾದಾಗ ಕಾರು ಕುಗ್ಗುವ ರೀತಿ, ಏರ್‌ಬ್ಯಾಗುಗಳ ಸಂಖ್ಯೆ, ಪಕ್ಕದಿಂದ ಬಡಿದಾಗಿನ ರಕ್ಷಣೆ ಇವೆಲ್ಲದರಲ್ಲೂ ಹೊಸದು ಬಹಳ ಮುಂದಿದೆ. ಪುಟ್ಟ ಹಳೆಯ ರೋಡ್‌ಸ್ಟರಿನಲ್ಲಿ ಕೂತಾಗ ಪಕ್ಕದ ಎಸ್‌ಯುವಿಯ ಬಂಪರು ತಲೆಯ ಮಟ್ಟಕ್ಕೆ ಕಾಣುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಿ.

ಹಾಗೆಂದು ಹೊಸ ಕಾರಿನ ಎಲ್ಲ ಸಹಾಯವೂ ಹಿತವಲ್ಲ. 2024ರ ಜುಲೈನಿಂದ ಯುರೋಪಿನಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆ ವೇಗಮಿತಿಯ ಎಚ್ಚರಿಕೆ, ಲೇನ್ ಕಾಪಾಡುವ ವ್ಯವಸ್ಥೆ, ತುರ್ತು ಬ್ರೇಕ್ ಕಡ್ಡಾಯ. ವೇಗಮಿತಿಯ ಎಚ್ಚರಿಕೆಯನ್ನು ಆಫ್ ಮಾಡಿದರೂ ಮುಂದಿನ ಬಾರಿ ಕಾರು ಶುರು ಮಾಡಿದಾಗ ಅದು ಮತ್ತೆ ಜೀವಂತ. ತುರ್ತು ಬ್ರೇಕ್ ಜೀವ ಉಳಿಸುತ್ತದೆ, ಅದಕ್ಕೆ ನಮಸ್ಕಾರ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿದೆಳೆಯುವ ಲೇನ್ ವ್ಯವಸ್ಥೆಗೆ ನಮಸ್ಕಾರ ಹೇಳುವಷ್ಟು ಸಹನೆ ನನಗಿಲ್ಲ.

ಒಟ್ಟು ಖರ್ಚಿನಲ್ಲಿ ಯಾವುದು ಅಗ್ಗ?

ಹಣ ಎರಡೂ ಕಡೆ ಹೋಗುತ್ತದೆ, ಹೋಗುವ ಬಾಗಿಲು ಬೇರೆ. ಹೊಸ ಕಾರಿನಲ್ಲಿ ದೊಡ್ಡ ಖರ್ಚು ಕಣ್ಣಿಗೆ ಕಾಣದ ಮೌಲ್ಯ ಕುಸಿತ. ಷೋರೂಮಿನಿಂದ ಹೊರಟ ಕ್ಷಣದಿಂದ ಮೊದಲ ಕೆಲವು ವರ್ಷ ಅದು ಜೋರಾಗಿರುತ್ತದೆ. ಅದರ ಜತೆಗೆ ವಿಮೆ, ಅಗಲ ಟೈರು. ರಿಪೇರಿ ಮಾತ್ರ ವಾರಂಟಿ ಇರುವಷ್ಟು ಕಾಲ ಬೇರೆಯವರ ತಲೆನೋವು. ಹಳೆಯ ಕಾರಿನಲ್ಲಿ ಮೌಲ್ಯ ಕುಸಿತ ಮುಗಿದಿರುತ್ತದೆ, ಕೆಲವದರ ಬೆಲೆ ಏರುತ್ತಲೂ ಇರುತ್ತದೆ. ಆದರೆ ಪ್ರತಿ ರಿಪೇರಿಯೂ ನಿಮ್ಮದೇ, ಮುನ್ಸೂಚನೆ ಕೊಟ್ಟು ಬರುವುದೂ ಇಲ್ಲ.

ಜನ ತಪ್ಪುವುದು ಮೂರನೆಯ ಬಾಗಿಲಲ್ಲಿ: ಒಂದು ಕಾಲದಲ್ಲಿ ಬಹಳ ದುಬಾರಿಯಾಗಿದ್ದು, ಈಗ ಬೆಲೆ ಬಿದ್ದಿರುವ ಕಾರು. ಕಾರಿನ ಬೆಲೆ ಇಳಿದಿದೆ, ಬಿಡಿಭಾಗದ ಬೆಲೆ ಇಳಿದಿಲ್ಲ. ಫೆರಾರಿ ಎಫ್355 ಕಾರಿನ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಎಂಜಿನ್ ಲಯಕ್ಕೆ ಆಡಿಸುವ ಪಟ್ಟಿ) ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಆ ಬಿಲ್ಲಿಗೆ ಕಾರನ್ನು ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಗೊತ್ತಿರುವುದಿಲ್ಲ. 2004ರ ಎಫ್430ರಲ್ಲಿ ಬೆಲ್ಟಿನ ಬದಲು ಚೈನು ಬಂತು. ಅಂಥ ಒಂದು ಬದಲಾವಣೆ ಹತ್ತು ವರ್ಷದ ಒಡೆತನದ ಲೆಕ್ಕವನ್ನೇ ತಿರುಗಿಸುತ್ತದೆ.

ಹಳೆಯ ಕಾರನ್ನು ದಿನವೂ ಓಡಿಸಬಹುದೇ?

ಕಾರ್ಬುರೇಟರ್ ಕಾಲದ್ದನ್ನಾದರೆ ಬೇಡ. ಎರಡನೆಯ ತಲೆಮಾರಿನದನ್ನು ಓಡಿಸಬಹುದು, ಒಂದೇ ಷರತ್ತು: ಅದು ಕೆಟ್ಟು ನಿಂತ ದಿನ ಹೋಗಬೇಕಾದ ಕಡೆಗೆ ಹೋಗಲು ಬೇರೆ ದಾರಿ ಇರಬೇಕು. ಇಪ್ಪತ್ತು ವರ್ಷ ದಾಟಿದ ಕಾರಿನಲ್ಲಿ ಎಂಜಿನ್ ಒಡೆಯುವುದು ಅಪರೂಪ. ರಬ್ಬರು ಬಿರಿಯುತ್ತದೆ, ಪ್ಲಾಸ್ಟಿಕ್ ಒಣಗುತ್ತದೆ, ತಂತಿಗಳ ತುದಿಗೆ ಕಿಲುಬು ಹಿಡಿಯುತ್ತದೆ. ನೀರಿನ ಕೊಳವೆ, ಸಸ್ಪೆನ್ಷನ್ ಬುಷ್, ಎಂಜಿನ್ ಮೌಂಟ್, ಇಂಧನ ಪೈಪು ಇವನ್ನು ಒಮ್ಮೆ ಸಾರಾಸಗಟಾಗಿ ಬದಲಿಸಿದರೆ ಅರ್ಧ ರೋಗ ಹೋಗುತ್ತದೆ. ಎಥನಾಲ್ ಬೆರೆತ ಪೆಟ್ರೋಲು ಬಹಳ ಹಳೆಯ ಇಂಧನ ಪೈಪುಗಳನ್ನು ಮೆತ್ತಗಾಗಿಸುತ್ತದೆ. ಅವನ್ನು ಎಥನಾಲ್ ತಡೆಯುವ ಪೈಪುಗಳಿಗೆ ಬದಲಿಸುವುದು ಬೆಂಕಿಯ ವಿಷಯ, ಮುಂದೂಡುವಂಥದ್ದಲ್ಲ.

ಯಾವ ಮಾದರಿಯಲ್ಲಿ ಯಾವ ರೋಗ ನೋಡಬೇಕು?

ಎಲ್ಲವನ್ನೂ ಹೇಳಲು ಇಲ್ಲಿ ಜಾಗವಿಲ್ಲ, ಹೆಚ್ಚು ಕೇಳಲ್ಪಡುವವು ಇವು.

ಪೋರ್ಷೆ 996 ಪೀಳಿಗೆಯ (1990ರ ದಶಕದ ಕೊನೆಯಲ್ಲಿ ಬಂದ) 911 ಮತ್ತು ಮೊದಲ ಬಾಕ್ಸ್‌ಸ್ಟರ್: ಎಂಜಿನ್ನಿನೊಳಗಿನ ಮಧ್ಯಂತರ ಶಾಫ್ಟಿನ ಬೇರಿಂಗ್ ಮುರಿದರೆ ಎಂಜಿನ್ನೇ ಹೋಗುತ್ತದೆ. ಎಲ್ಲದರಲ್ಲೂ ಮುರಿಯುವುದಿಲ್ಲ, ಆದರೆ ಕ್ಲಚ್ ಬದಲಿಸುವಾಗ ಅದನ್ನೂ ಬದಲಿಸಿರುವ ಕಾರನ್ನೇ ಆರಿಸಿ. ಇದೇ ಕಾಲದ ಟರ್ಬೊ ಮತ್ತು ಜಿಟಿ3 ಕಾರುಗಳ ಎಂಜಿನ್ ಬೇರೆ ವಂಶದ್ದು, ಅವಕ್ಕೆ ಈ ಕಾಯಿಲೆ ಇಲ್ಲ. 2009ರ ಮಾದರಿಯ 911ರಿಂದ ಆ ಶಾಫ್ಟನ್ನೇ ತೆಗೆದುಹಾಕಲಾಯಿತು.

ಬಿಎಂಡಬ್ಲ್ಯು ಇ46 ಎಂ3: ಹಿಂಬದಿಯ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ಜಾಗದಲ್ಲಿ ತಳದ ತಗಡು ಬಿರುಕು ಬಿಡುತ್ತದೆ. ಕಾರನ್ನು ಎತ್ತಿ, ದೀಪ ಹಿಡಿದು ನೋಡಬೇಕು. ಬಲಪಡಿಸಿದ ಕಾರಾದರೆ ಅದು ದೋಷವಲ್ಲ, ಗುಣ. ಕನೆಕ್ಟಿಂಗ್ ರಾಡಿನ ಬೇರಿಂಗ್ ಮತ್ತು ವಾಲ್ವ್ ಸಮಯ ಬದಲಿಸುವ ವ್ಯವಸ್ಥೆಯ ದಾಖಲೆ ಕೇಳಿ.

ಮೊದಲ ಎಲೀಸ್: ರೋವರ್ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಗೂ ಬುಡಕ್ಕೂ ನಡುವಿನ ಸೀಲು) ಹೋಗುತ್ತದೆ. ಟೊಯೊಟಾ ಎಂಜಿನ್ನಿನ ನಂತರದ ಎಲೀಸ್ ಕಾರುಗಳಲ್ಲಿ ಈ ಭಯವಿಲ್ಲ.

ಮಾಜ್ದಾ ಆರ್‌ಎಕ್ಸ್-7 ಮತ್ತು ಆರ್‌ಎಕ್ಸ್-8: ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ರೋಟರಿ ಎಂಜಿನ್ನಿನ ತುದಿಯ ಸೀಲುಗಳು ಸವೆಯುತ್ತವೆ. ಎಂಜಿನ್ ಬಿಸಿಯಾಗಿದ್ದಾಗ ಸುಲಭವಾಗಿ ಮತ್ತೆ ಶುರುವಾಗುತ್ತದೆಯೇ ಎಂದು ನೋಡುವುದೇ ಮೊದಲ ಪರೀಕ್ಷೆ. ರೋಟರಿಗೆಂದೇ ಇರುವ ಉಪಕರಣದಿಂದ ಕಂಪ್ರೆಷನ್ (ಎಂಜಿನ್ನಿನೊಳಗಿನ ಒತ್ತಡ) ಅಳೆಸದೆ ಕೊಂಡರೆ ಅದು ಜೂಜು.

ಮೊದಲ ಎಂಎಕ್ಸ್-5: ಎಂಜಿನ್ ಗಟ್ಟಿ, ಬಾಗಿಲ ಕೆಳಗಿನ ತಗಡು ಗಟ್ಟಿಯಲ್ಲ. ಮಡಚುವ ಚಾವಣಿಯ ನೀರು ಹರಿಯುವ ರಂಧ್ರಗಳು ಕಟ್ಟಿಕೊಂಡು ಅಲ್ಲಿ ತುಕ್ಕು ಶುರುವಾಗುತ್ತದೆ.

ಹೊಸ ಕಾರುಗಳಲ್ಲಿ ಇಂಥ ರೋಗಗಳೇ ಇಲ್ಲವೇ?

ಇವೆ, ಇನ್ನೂ ಪೂರ್ತಿ ಪಟ್ಟಿಯಾಗಿಲ್ಲ ಅಷ್ಟೆ. ಸಿಲಿಂಡರಿನೊಳಕ್ಕೇ ನೇರವಾಗಿ ಇಂಧನ ಚಿಮ್ಮುವ ಎಂಜಿನ್‌ಗಳಲ್ಲಿ ಒಳವಾಲ್ವುಗಳ ಹಿಂಭಾಗವನ್ನು ಪೆಟ್ರೋಲು ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಇಂಗಾಲ ಕಟ್ಟಿಕೊಳ್ಳುತ್ತದೆ. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಊದಿ ಅದನ್ನು ಕೆರೆಯಿಸಬೇಕಾಗುತ್ತದೆ. 2012–13ರ ಜಿಟಿ86 ಮತ್ತು ಬಿಆರ್‌ಝಡ್ ಕಾರುಗಳನ್ನು ವಾಲ್ವ್ ಸ್ಪ್ರಿಂಗ್ ದೋಷಕ್ಕಾಗಿ 2018ರಲ್ಲಿ ವಾಪಸು ಕರೆಸಲಾಗಿತ್ತು.

ನನಗೆ ಹೆಚ್ಚು ಚಿಂತೆ ಇರುವುದು ಎಲೆಕ್ಟ್ರಾನಿಕ್ಸ್ ಬಗ್ಗೆ. 1960ರ ದಶಕದ ಕಾರಿನ ಬಿಡಿಭಾಗವನ್ನು ಒಳ್ಳೆಯ ಲೇತ್ ಕೆಲಸಗಾರ ಕಡೆದು ಕೊಡಬಲ್ಲ. ಹತ್ತಾರು ನಿಯಂತ್ರಣ ಘಟಕಗಳು ಪರಸ್ಪರ ಗುರುತು ಹಿಡಿದರೆ ಮಾತ್ರ ಶುರುವಾಗುವ ಕಾರಿನ ಒಂದು ಘಟಕ 2045ರಲ್ಲಿ ಸತ್ತರೆ, ಕಂಪನಿಯ ಸರ್ವರಿನಿಂದ ಅನುಮತಿ ಸಿಗಬೇಕು. ಆ ಸರ್ವರ್ ಅಂದು ಇರುತ್ತದೆಂದು ಇವತ್ತು ಯಾರೂ ಬರೆದುಕೊಡುತ್ತಿಲ್ಲ. ಹೊಸ ಕಾರನ್ನು ಐದಾರು ವರ್ಷ ಓಡಿಸಿ ಮಾರುವವರಿಗೆ ಇದು ಪ್ರಶ್ನೆಯೇ ಅಲ್ಲ. ಮಕ್ಕಳಿಗೆ ಬಿಟ್ಟುಹೋಗಬೇಕೆನ್ನುವವರು ಯೋಚಿಸಬೇಕು.

ಹಳೆಯದರ ಬಿಡಿಭಾಗ ಸಿಗುತ್ತದೆಯೇ?

ವಿಚಿತ್ರವೆಂದರೆ, ಬಹಳ ಹಳೆಯ ಜನಪ್ರಿಯ ಕಾರಿನ ಭಾಗಗಳು ನಡುವಯಸ್ಸಿನ ಅಪರೂಪದ ಕಾರಿನವುಗಳಿಗಿಂತ ಸುಲಭವಾಗಿ ಸಿಗುತ್ತವೆ. ಎಂಜಿಬಿಗೆ ಇವತ್ತೂ ಹೊಚ್ಚಹೊಸ ಪೂರ್ತಿ ಕವಚವನ್ನೇ ತರಿಸಬಹುದು. ಜಪಾನಿನ ಕಂಪನಿಗಳು ತಡವಾಗಿ ಎಚ್ಚೆತ್ತಿವೆ: ನಿಸ್ಸಾನ್ 2017ರಲ್ಲಿ ಆರ್32 ಸ್ಕೈಲೈನ್ ಜಿಟಿ-ಆರ್ ಭಾಗಗಳನ್ನು ಮತ್ತೆ ತಯಾರಿಸಲು ತೊಡಗಿತು, ಮಾಜ್ದಾ ಅದೇ ವರ್ಷ ಮೊದಲ ಎಂಎಕ್ಸ್-5 ಕಾರುಗಳ ಪುನರುಜ್ಜೀವನ ಕಾರ್ಯಕ್ರಮ ಪ್ರಕಟಿಸಿತು, ಟೊಯೊಟಾ 2020ರಲ್ಲಿ ಹಳೆಯ ಸುಪ್ರಾದ ಭಾಗಗಳಿಗೆ ಮರುಜೀವ ಕೊಟ್ಟಿತು. ಸಿಗದೆ ಕಾಡುವವು ಯಾಂತ್ರಿಕ ಭಾಗಗಳಲ್ಲ, ಒಳಗಿನ ಪ್ಲಾಸ್ಟಿಕ್, ದೀಪದ ಗಾಜು, ಬಾಗಿಲ ರಬ್ಬರ್ ಪಟ್ಟಿ, ಆ ಮಾದರಿಗೆಂದೇ ಮಾಡಿದ ಗುಂಡಿಗಳು. ಕೊಳ್ಳುವಾಗ ಇವು ಪೂರ್ತಿ ಇವೆಯೇ ಎಂದು ಎಣಿಸಿ ನೋಡಿ.

ಟೈರಿಗೇಕೆ ಇಷ್ಟು ಮಹತ್ವ?

ಏಕೆಂದರೆ ಹಳೆಯ ಸ್ಪೋರ್ಟ್ಸ್ ಕಾರುಗಳ ಟೈರು ಸವೆದು ಸಾಯುವುದಿಲ್ಲ, ಮುಪ್ಪಾಗಿ ಸಾಯುತ್ತದೆ. ವರ್ಷಕ್ಕೆ ಸ್ವಲ್ಪವೇ ಓಡುವ ಕಾರಿನಲ್ಲಿ ಗೀರುಗಳು ಆಳವಾಗಿಯೇ ಇರುತ್ತವೆ, ರಬ್ಬರು ಮಾತ್ರ ಕಲ್ಲಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ ನೋಡದೆ ಎಸೆಯಿರಿ, ಆರೇಳು ದಾಟಿದ್ದರೆ ಅನುಮಾನಿಸಿ. ಹಳೆಯ ಕಾರು 'ಭಯ ಹುಟ್ಟಿಸುತ್ತದೆ' ಎಂಬ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಟೈರಿನದೇ. ಮೇಲೆ ಹೇಳಿದ ಕರೆರಾ ಜಿಟಿಗೆಂದೇ ಪೋರ್ಷೆ ಮತ್ತು ಮಿಷೆಲಿನ್ ಇತ್ತೀಚೆಗೆ ಹೊಸ ಟೈರ್ ರೂಪಿಸಿದ್ದರ ಕಾರಣವೂ ಇದೇ.

ಹಳೆಯ ಕಾರಿಗೆ ಹೊಸ ಸಸ್ಪೆನ್ಷನ್, ಬ್ರೇಕ್ ಹಾಕಿಸಿದರೆ ಎರಡರ ಒಳ್ಳೆಯದೂ ಸಿಗುತ್ತದೆಯಲ್ಲವೇ?

ಮಿತವಾಗಿ ಮಾಡಿದರೆ ಸಿಗುತ್ತದೆ. ಒಳ್ಳೆಯ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ದ್ರವ, ಸರಿಯಾದ ಡ್ಯಾಂಪರ್, ಹೊಸ ಬುಷ್ ಇಷ್ಟರಲ್ಲೇ ನಿಲ್ಲಿಸಿದವರು ಸುಖಿಗಳು. ಅಗಲದ ಟೈರು, ಕಲ್ಲಿನಂಥ ಸ್ಪ್ರಿಂಗು, ದೊಡ್ಡ ಟರ್ಬೊ ಎಂದು ಮುಂದುವರಿದರೆ, ಕಾರಿನ ಮಿತಿಯನ್ನು ಮೇಲಕ್ಕೆ ತಳ್ಳಿ, ಯಾವ ಕಾರಣಕ್ಕೆ ಹಳೆಯದನ್ನು ಕೊಂಡಿರೋ ಅದನ್ನೇ ಕಳೆದುಕೊಳ್ಳುತ್ತೀರಿ. ಮಾರುವಾಗಲೂ ಮೂಲ ಸ್ಥಿತಿಯ ಕಾರಿಗೇ ಬೆಲೆ. ತೆಗೆದ ಭಾಗಗಳನ್ನು ಎಸೆಯಬೇಡಿ.

ಇದನ್ನು ಹೂಡಿಕೆ ಎಂದು ನೋಡಬಹುದೇ?

ಬೇಡ. ಬೆಲೆ ಏರಿದ ಕಾರುಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಿಲುಗಡೆ, ವಿಮೆ, ರಿಪೇರಿಯ ಲೆಕ್ಕವನ್ನು ಯಾರೂ ಕಳೆಯುವುದಿಲ್ಲ. ಹೂಡಿಕೆಯೆಂದು ಕೊಂಡವನು ಕಿಲೋಮೀಟರ್ ಏರುವುದಕ್ಕೆ ಹೆದರಿ ಓಡಿಸುವುದನ್ನೇ ನಿಲ್ಲಿಸುತ್ತಾನೆ. ನಿಂತ ಕಾರು ಇನ್ನೂ ಬೇಗ ಕೆಡುತ್ತದೆ: ಸೀಲುಗಳು ಒಣಗುತ್ತವೆ, ತೇವ ಹೀರುವ ಬ್ರೇಕ್ ದ್ರವ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ, ಪೆಟ್ರೋಲು ಹಳಸುತ್ತದೆ. ಬ್ರೇಕ್ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಕಾರು ಓಡಿರಲಿ ಬಿಡಲಿ. ಶುರು ಮಾಡಿ ಐದು ನಿಮಿಷ ನಿಲ್ಲಿಸುವುದು ಉಪಕಾರವಲ್ಲ. ಎಂಜಿನ್ ಎಣ್ಣೆ ಪೂರ್ತಿ ಬಿಸಿಯಾಗುವಷ್ಟು ದೂರ ಹೋಗಿ ಬನ್ನಿ.

ವಿದ್ಯುತ್ ಸ್ಪೋರ್ಟ್ಸ್ ಕಾರುಗಳನ್ನು ಈ ಹೋಲಿಕೆಗೆ ಸೇರಿಸಬೇಕೇ?

2008ರ ಟೆಸ್ಲಾ ರೋಡ್‌ಸ್ಟರ್ ಎಲೀಸ್ ಕಾರಿನ ತಳಹದಿಯಿಂದಲೇ ಹುಟ್ಟಿತೆಂಬುದು ತಮಾಷೆಯ ಸಂಗತಿ. ಬ್ಯಾಟರಿಯ ತೂಕವೇ ಇನ್ನೂ ದೊಡ್ಡ ಅಡ್ಡಿ. 2023ರ ಹ್ಯುಂಡೈ ಅಯೋನಿಕ್ 5 ಎನ್ ಸ್ಪೋರ್ಟ್ಸ್ ಕಾರಲ್ಲ, ಸುಮಾರು 2,200 ಕಿಲೋದ ಕುಟುಂಬದ ಕಾರು. ಆದರೂ ಇಲ್ಲದ ಗೇರುಗಳನ್ನು ನಟಿಸಿ, ಇಲ್ಲದ ಎಂಜಿನ್ನನ್ನು ಕೂಗಿಸಿ ಚಾಲಕನನ್ನು ನಗಿಸುತ್ತದೆ. ನಕಲಿ ಎಂದು ಬೈಯಲು ಹೋಗಿ ನಕ್ಕು ಬಂದವರು ಬಹಳ. ಹಗುರವಾದ ವಿದ್ಯುತ್ ಸ್ಪೋರ್ಟ್ಸ್ ಕಾರು ಬರುವವರೆಗೆ ತೀರ್ಪು ಕಾಯಬಹುದು.

ಟ್ರ್ಯಾಕಿಗೆ ಹೋಗುವವರಿಗೆ ಯಾವುದು?

ಗಡಿಯಾರ ನೋಡುವವರಿಗೆ ಹೊಸದು. ಕಲಿಯಬೇಕೆನ್ನುವವರಿಗೆ ಹಗುರವಾದ, ಕಡಿಮೆ ಶಕ್ತಿಯ, ಹಳೆಯ ಅಥವಾ ಹೊಸ ಯಾವುದಾದರೂ: ಬ್ರೇಕು ಬೇಗ ಸುಡುವುದಿಲ್ಲ, ಟೈರು ಬೇಗ ತೀರುವುದಿಲ್ಲ. ಸಾಮಾನ್ಯ ವಿಮೆ ಟ್ರ್ಯಾಕಿನಲ್ಲಿ ಆಗುವ ಹಾನಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಮೊದಲೇ ಓದಿಕೊಳ್ಳಿ.

ಒಂದೇ ಕಾರು ಇಡಲು ಸಾಧ್ಯವಿದ್ದರೆ ಏನು ಮಾಡಲಿ?

ಕೈಗೆ ಗ್ರೀಸ್ ಹತ್ತುವುದು ಇಷ್ಟವಿಲ್ಲದಿದ್ದರೆ, ಹತ್ತಿರದಲ್ಲಿ ನಂಬುವ ಮೆಕ್ಯಾನಿಕ್ ಇಲ್ಲದಿದ್ದರೆ ಹೊಸ ಎಂಎಕ್ಸ್-5 ಅಥವಾ ಜಿಟಿ86ರ ಮುಂದಿನ ಪೀಳಿಗೆಯಾದ ಜಿಆರ್86 ಜಾತಿಯ ಹಗುರ ಕಾರು. ಆ ಇಷ್ಟವೂ ಅಂಥ ಮೆಕ್ಯಾನಿಕ್ಕೂ ಇದ್ದರೆ 1990ರ ದಶಕದ ಕೊನೆಯಿಂದ 2000ದ ದಶಕದ ಮಧ್ಯದವರೆಗಿನ ಮ್ಯಾನುಯಲ್ ಕಾರು ನನ್ನ ಆಯ್ಕೆ. ಇಂಜೆಕ್ಷನ್ ಇದೆ, ಎಬಿಎಸ್ ಇದೆ, ತುಕ್ಕಿನಿಂದ ಸಾಕಷ್ಟು ರಕ್ಷಣೆ ಇದೆ. ದೋಷವನ್ನು ಓದಲು ಒಂದು ಅಗ್ಗದ ಉಪಕರಣ ಸಾಕು, ಏಕೆಂದರೆ ಅಮೆರಿಕದಲ್ಲಿ 1996ರಲ್ಲೇ ಅದರ ಸಂಪರ್ಕ ಬಿಂದು ಒಂದೇ ಬಗೆಯದಾಯಿತು, ಉಳಿದ ಮಾರುಕಟ್ಟೆಗಳೂ ಹಿಂಬಾಲಿಸಿದವು. ಪರದೆಗಳ ಕಾಟ ಇನ್ನೂ ಬಂದಿರಲಿಲ್ಲ.

ಓಡಿಸಿ ನೋಡುವಾಗ ಏನು ಗಮನಿಸಬೇಕು?

ಕಾರು ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆನ್ನಿ. ಶುರುವಾದಾಗ ಬರುವ ಹೊಗೆಯ ಬಣ್ಣ, ಮೊದಲ ಕೆಲವು ಸೆಕೆಂಡಿನ ಚೈನಿನ ಸದ್ದು, ತಣ್ಣಗಿನ ಗೇರ್‌ಬಾಕ್ಸಿನಲ್ಲಿ ಎರಡನೆಯ ಗೇರ್ ಬೀಳುವ ರೀತಿ, ಈ ಮೂರು ಎಷ್ಟೋ ಕಥೆ ಹೇಳುತ್ತವೆ. ರೇಡಿಯೊ ಆಫ್ ಮಾಡಿ. ನೇರ ರಸ್ತೆಯಲ್ಲಿ ಓಡಿಸಿ ಖುಷಿಪಡಬೇಡಿ, ಎಲ್ಲ ಕಾರೂ ಅಲ್ಲಿ ಚೆನ್ನಾಗಿರುತ್ತದೆ. ನೀವು ನಿತ್ಯ ಹೋಗುವಂಥ ರಸ್ತೆಯಲ್ಲಿ, ಕಾನೂನಿನ ವೇಗದಲ್ಲಿ, ಒಂದು ನಿಧಾನ ತಿರುವನ್ನು ಹುಡುಕಿ. ಅಲ್ಲಿ ಕಾರು ನಿಮಗೆ ಏನಾದರೂ ಕೆಲಸ ಕೊಡುತ್ತದೆಯೇ ನೋಡಿ. ಕೊಟ್ಟರೆ, ಕಾರನ್ನು ಎತ್ತಿ ತಳ ನೋಡಬಲ್ಲ, ಕಂಪ್ರೆಷನ್ ಮತ್ತು ಸೋರಿಕೆ ಅಳೆಯಬಲ್ಲ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಬಳಿ ಅದನ್ನು ತೋರಿಸಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಕೀಲಿಕೈ ಹಿಂದಿರುಗಿಸಿ ಬನ್ನಿ.